ಸೀನದ ಗುಬ್ಬಿ

ಇನ್ಸ್‌ಪೆಕ್ಟರ್ ಕಾರಿನ ಸೀಟ್ ಬೆಲ್ಟು ಎಳೆದು ಬಿಗಿದುಕೊಂಡು, "ಹೂಂ, ಎಲ್ಲಿ, ಒಂದ್ಸಲ ಸೀನಿಸಮ್ಮ ನೋಡೋಣ," ಎಂದರು.

ಸೂಜಿ ಅವರ ಮುಖ ನೋಡಲಿಲ್ಲ. ನೋಡಿದರೆ ನಾಲಿಗೆಯ ತುದಿಗೆ ಬಂದ ಮಾತು ಹಾಗೇ ಹೊಟ್ಟೆಗೆ ಇಳಿದುಹೋಗುತ್ತದೆಂದು ಅವಳಿಗೆ ಗೊತ್ತು. ಎಣ್ಣೆಯ ಬಿಸಿ ತೋರಿಸುವ ಮುಳ್ಳಿನ ಮೇಲೆ ಕಣ್ಣಿಟ್ಟು, ಇನ್ನೂ ಸ್ವಲ್ಪ ದೂರ ನಿಧಾನವಾಗಿ ಹೋಗಬೇಕು, ಎಣ್ಣೆ ಬಿಸಿಯಾಗುವ ಮುಂಚೆ ತುಳಿದರೆ ಟರ್ಬೊ ಸವೆಯುತ್ತದೆ ಎಂದು ಸ್ಟೀರಿಂಗಿಗೆ ಹೇಳಿದಳು.

ಸ್ಟೀರಿಂಗಿನ ಪರವಾಗಿ ಇನ್ಸ್‌ಪೆಕ್ಟರೇ ಉತ್ತರಿಸಿದರು. "ನಮ್ಮ ಜೀಪಿಗೆ ಇಷ್ಟು ಉಪಚಾರ ಮಾಡಿದ್ರೆ ಅದು ದಿನಾ ಬೆಳಿಗ್ಗೆ ನಮ್ಮ ಕೈಲಿ ತಳ್ಳಿಸ್ಕೊಳ್ತಿರಲಿಲ್ಲ."

ಗುರುವಾರ ಬೆಳಿಗ್ಗೆ ಊರಿನ ಹಳೇ ಮೆಕ್ಯಾನಿಕ್ ಟರ್ಬೊ ತಾತನನ್ನು ಅವರ ವರ್ಕ್‌ಶಾಪಿನ ಎದುರಲ್ಲೇ ಸಣ್ಣ ಕೆಂಪು ಕಾರೊಂದು ಗುದ್ದಿ ಪರಾರಿಯಾಗಿತ್ತು. ಪ್ರಜ್ಞೆ ತಪ್ಪುವ ಮೊದಲು ತಾತ ಹೇಳಿದ್ದು 'ಸೀನ' ಎಂಬ ಒಂದೇ ಮಾತು. ಆ ಹೆಸರಿನ, ಅಂಥದೇ ಕಾರಿನ ಸೂಜಿಯ ಅಣ್ಣ ನಿನ್ನೆಯಿಂದ ಸ್ಟೇಷನ್ನಿನ ಬೆಂಚಿನ ಮೇಲಿದ್ದ.

ಕೂಸಾಗಿದ್ದಾಗ ಹೊತ್ತಿಲ್ಲ ಗೊತ್ತಿಲ್ಲ ಸೀನುತ್ತಿದ್ದನೆಂದು ಅಮ್ಮ ಇಟ್ಟ ಅಡ್ಡಹೆಸರು ಅದು. ಅವನಿಗೆ ಬೇರೆ ಹೆಸರಿದೆ, ಲಿಫ್ಟ್ ರಿಪೇರಿ ಕಂಪನಿಯವರು ಕೊಟ್ಟ ಅಂಗಿಯ ಮೇಲೆ ಅದನ್ನು ಹೊಲಿದೂ ಇದೆ. ಆದರೆ ಕಾರಿನ ಹುಚ್ಚು ಹಿಡಿದ ಗೆಳೆಯರಿಗೆಲ್ಲ ಅವನು ಸೀನನೇ.

ತಾತನ ಮಾತನ್ನು ಕೇಳಿಸಿಕೊಂಡವನು ಪಕ್ಕದ ಅಂಗಡಿಯ ಬಡಗಿ. ಗರಗಸದ ಮೆಷಿನ್ನನ್ನು ಓಡುವಂತೆಯೇ ಬಿಟ್ಟು ಓಡಿಬಂದಿದ್ದ. "ಸೀನ ಅಂದ್ರೋ, ಸೀನು ಅಂದ್ರೋ, ನನ್ನ ಕಿವೀಲಿ ಗರಗಸಾನೇ ಕೂಗ್ತಿತ್ತು ಸ್ವಾಮಿ," ಎಂದು ಪೊಲೀಸರ ಮುಂದೆ ಹೇಳಿದ್ದ. ಪೊಲೀಸರು 'ಸೀನ'ನನ್ನು ಇಟ್ಟುಕೊಂಡು 'ಸೀನು'ವನ್ನು ಬಿಟ್ಟುಬಿಟ್ಟಿದ್ದರು.

ಬಿಟ್ಟಿದ್ದನ್ನು ಎತ್ತಿಕೊಂಡವಳು ಸೂಜಿ. ಇವತ್ತು ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ, ಇನ್ಸ್‌ಪೆಕ್ಟರ ಮೇಜಿನ ಮೇಲಿದ್ದ ನೀರಿನ ಲೋಟವನ್ನೇ ನೋಡುತ್ತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದಳು.

"ಅದು ಮನುಷ್ಯನ ಹೆಸರಲ್ಲ ಸಾರ್. ಶಬ್ದ."

ಟರ್ಬೊ ಎನ್ನುವುದು ಒಂದು ರೀತಿಯಲ್ಲಿ ಕಮ್ಮಾರನ ತಿದಿ ಇದ್ದ ಹಾಗೆ. ಪುಟ್ಟ ಇಂಜಿನ್ನಿನ ಬಾಯಿಗೆ ಗಾಳಿಯನ್ನು ಒತ್ತಿ ಒತ್ತಿ ತುಂಬುತ್ತದೆ; ಗುಬ್ಬಿಯ ಗಾತ್ರದ ಕಾರಿಗೆ ಗಿಡುಗನ ಬಲ ಬರುತ್ತದೆ. ಓಡಿಸುವವರು ಆಕ್ಸಿಲರೇಟರಿನಿಂದ ಕಾಲೆತ್ತಿದ ಕೂಡಲೇ ಆ ಗಾಳಿ ಬೇಡವಾಗುತ್ತದೆ, ಎಲ್ಲಾದರೂ ಹೋಗಲೇಬೇಕು. ಅದಕ್ಕೊಂದು ವಾಲ್ವ್. ಅಣ್ಣ ಹಾಕಿಕೊಂಡಿದ್ದ ವಾಲ್ವ್ ಗಾಳಿಯನ್ನು ನೇರ ಹೊರಗೆ ಉಗಿಯುವ ಜಾತಿಯದು. ಕಾಲೆತ್ತಿದರೆ ಸಾಕು, 'ಹಾಕ್ಷ್' ಎಂದು ನೆಗಡಿಯಾದವರ ಹಾಗೆ ಬೀದಿಗೆಲ್ಲ ಕೇಳಿಸುತ್ತಿತ್ತು. ಸೀನನ ಕಾರೂ ಸೀನುತ್ತದೆ ಎಂದು ಗೆಳೆಯರು ನಕ್ಕರು. ನಕ್ಕು ನಕ್ಕು ಕೊನೆಗೆ ಆ ವಾಲ್ವ್‌ಗೇ 'ಸೀನು' ಎಂಬ ಹೆಸರು ನಿಂತುಹೋಯಿತು. ಹಾಗೆ ಮೊದಲು ಕರೆದವರು ಟರ್ಬೊ ತಾತನೇ.

ಅಂದರೆ ತಾತ ಹೇಳಿದ್ದು, ನನ್ನನ್ನು ಗುದ್ದಿದ ಕಾರು ಸೀನಿತು ಎಂದು.

"ಅದೂ ನಿಮ್ಮ ಕೊರಳಿಗೇ ಬರುತ್ತಲ್ಲಮ್ಮ," ಎಂದಿದ್ದರು ಇನ್ಸ್‌ಪೆಕ್ಟರ್. "ಈ ಊರಲ್ಲಿ ಸೀನೋ ಕಾರು ನಿಮ್ಮದೊಂದೇ ಅಂತೀಯ."

"ನಮ್ಮದು ಈಗ ಸೀನಲ್ಲ ಸಾರ್."

ಅದನ್ನು ಕಣ್ಣಾರೆ, ಅಲ್ಲ, ಕಿವಿಯಾರೆ ಕೇಳಲು ಅವರು ಈಗ ಅಣ್ಣನ ಕೆಂಪು ಕಾರು ಗುಬ್ಬಿಯಲ್ಲಿ ಕುಳಿತಿದ್ದರು. ಅದರ ಮೂತಿಯ ಹಳೆಯ ಗೀರುಗಳಲ್ಲಿ ಪೊಲೀಸರಿಗೆ ಹೊಸ ಗುರುತೇನೂ ಸಿಕ್ಕಿರಲಿಲ್ಲ.

ನಿಂತಲ್ಲೇ ಇಂಜಿನ್ ಅರಚಿಸಿದರೆ ಪ್ರಯೋಜನವಿಲ್ಲ, ಮೈಮೇಲೆ ಭಾರ ಬಿದ್ದರೆ ಮಾತ್ರ ಟರ್ಬೊ ಗಾಳಿ ತುಂಬಿಕೊಳ್ಳುತ್ತದೆ. ಅದಕ್ಕೇ ಅವಳು ನೀರಿನ ಟ್ಯಾಂಕಿನ ಏರು ರಸ್ತೆಯನ್ನು ಹಿಡಿದಳು. ಮುಳ್ಳು ಮೇಲೆ ಬಂತು. ಮೂರನೆಯ ಗೇರಿನಲ್ಲಿ ಅವಳು ಪೂರ್ತಿ ತುಳಿದಳು.

ಜನರ ಮುಂದೆ ನಾಲ್ಕು ಮಾತು ಜೋಡಿಸಲಾರದ ಹುಡುಗಿ ಗುಬ್ಬಿಯಲ್ಲಿ ಬೇರೆಯೇ. ಕೈ ಗೇರಿನ ಮೇಲೆ ಬೀಳುವ ಮೊದಲೇ ಕಾಲು ಕ್ಲಚ್ಚನ್ನು ಮುಟ್ಟಿರುತ್ತದೆ. ಅಣ್ಣನೇ ಕಲಿಸಿದ್ದು. ಕಾರು ಮಾತಾಡುತ್ತೆ, ನೀನು ಸುಮ್ಮನೆ ಕೇಳಿಸ್ಕೊ, ಅದು ನಿನಗೆ ಬರುತ್ತೆ ಎಂದಿದ್ದ. ಗುಬ್ಬಿ ಸಣ್ಣಗೆ ಶಿಳ್ಳೆ ಹಾಕುತ್ತ ಏರನ್ನು ನುಂಗಿತು. ಇನ್ಸ್‌ಪೆಕ್ಟರ ಬೆನ್ನು ಸೀಟಿಗಂಟಿತು. ಆ ಸೀಟನ್ನು ಹೊಲಿದವಳೂ ಅವಳೇ. ಕಾರಿನ ಸೀಟು ಹೊಲಿಯುವುದೇ ಅವಳ ಕಸುಬು, ಅಡ್ಡಹೆಸರು ಬಂದದ್ದೂ ಅಲ್ಲಿಂದ.

ತುದಿಯಲ್ಲಿ ಅವಳು ಕಾಲೆತ್ತಿದಳು.

ಹುಸ್.

ಅಷ್ಟೇ. ಯಾರೋ ಪಕ್ಕದ ಕೋಣೆಯಲ್ಲಿ ನಿಟ್ಟುಸಿರು ಬಿಟ್ಟಂತೆ. ಮತ್ತೊಮ್ಮೆ ತುಳಿದು ಎತ್ತಿದಳು. ಮತ್ತೆ ಅದೇ ನಿಟ್ಟುಸಿರು.

ಹೊಸ ವಾಲ್ವ್ ಗಾಳಿಯನ್ನು ಹೊರಗೆ ಬಿಡುವುದಿಲ್ಲ, ಕೊಳವೆಯಲ್ಲಿ ಸುತ್ತಿಸಿ ಮತ್ತೆ ಒಳಗೇ ಕಳಿಸುತ್ತದೆ ಎಂದು ಅವಳು ವಿವರಿಸಿದಳು. ಹೋದ ತಿಂಗಳು ಬದಲಾಯಿಸಿದ್ದು. ಮಹಡಿ ಮೇಲಿನ ಬಾಡಿಗೆಯವರ ಮನೆಯಲ್ಲಿ ಹೆರಿಗೆಯಾಗಿತ್ತು. ಅಣ್ಣ ಕೆಲಸದಿಂದ ಬಂದು ಗೇಟಿನ ಹತ್ತಿರ ಕಾಲೆತ್ತಿದ ಕೂಡಲೇ ಗುಬ್ಬಿ ಸೀನುತ್ತಿತ್ತು, ಮಗು ಬೆಚ್ಚಿ ಅಳುತ್ತಿತ್ತು. ಯಾರೂ ದೂರು ಹೇಳಿರಲಿಲ್ಲ. ಒಂದು ಭಾನುವಾರ ಅವನೇ ಬಾನೆಟ್ಟು ಎತ್ತಿ, ಊರಿಗೆಲ್ಲ ತೋರಿಸಿಕೊಂಡು ಮೆರೆದಿದ್ದ ಆ ವಾಲ್ವನ್ನು ಬಿಚ್ಚಿ, ಬಟ್ಟೆಯಲ್ಲಿ ಒರೆಸಿ ಪಕ್ಕಕ್ಕಿಟ್ಟ. ಮಗು ದೊಡ್ಡದಾದ ಮೇಲೆ ಮತ್ತೆ ಹಾಕ್ತೀಯಾ ಎಂದು ಸೂಜಿ ಕೇಳಿದ್ದಕ್ಕೆ, ಅಷ್ಟರಲ್ಲಿ ಇನ್ನೊಂದು ಹುಟ್ಟುತ್ತೆ ಬಿಡು ಎಂದಿದ್ದ.

ಇನ್ಸ್‌ಪೆಕ್ಟರ್ ನಕ್ಕರು. ನಕ್ಕದ್ದಕ್ಕೆ ತಾವೇ ಬೇಸರಪಟ್ಟುಕೊಂಡವರಂತೆ ಮೀಸೆ ಸವರಿಕೊಂಡರು. "ಬಿಚ್ಚಿದ್ದು ಎಲ್ಲಿಗೆ ಹೋಯ್ತು?"

"ಕೊಟ್ಟೆ ಅಂದ. ಯಾರಿಗೆ ಅಂತ ಹೇಳಲ್ಲ."

"ನನಗೂ ಹೇಳಲಿಲ್ಲ. ಕೇಳಿದ್ರೆ ಗೋಡೆ ನೋಡ್ತಾನೆ."

ಗುಬ್ಬಿ ಮನೆಯ ಶೆಡ್ಡಿನ ಮುಂದೆ ನಿಂತಿತು. ಇನ್ಸ್‌ಪೆಕ್ಟರ್ ಇಳಿಯಲು ಬಾಗಿಲಿಗೆ ಕೈಹಾಕಿದರೂ ಸೂಜಿ ಕೀಲಿ ತಿರುಗಿಸಲಿಲ್ಲ. ಏರು ಹತ್ತಿ ಬಂದಿದೆ, ಸ್ವಲ್ಪ ಉಸಿರು ಇಳಿಯಲಿ, ಕೂಡಲೇ ಆಫ್ ಮಾಡಿದರೆ ಟರ್ಬೊ ಒಳಗೆ ಎಣ್ಣೆ ಸುಟ್ಟುಹೋಗುತ್ತದೆ ಎಂದಳು. ಠಾಣೆಯ ಅಧಿಕಾರಿ ಒಂದು ಸಣ್ಣ ಕಾರಿನ ಉಸಿರು ಇಳಿಯುವುದನ್ನು ಕಾದು ಕುಳಿತರು.

"ನೀನು ಹೇಳಿದ್ದು ಒಪ್ಪಿದೆ," ಎಂದರು ಕೊನೆಗೆ ಇಳಿಯುತ್ತ. "ಗುಬ್ಬಿ ಸೀನಲ್ಲ. ಇದನ್ನ ನಾನೇ ಬರೆದು ಸಹಿ ಹಾಕ್ತೀನಿ. ಈಗ ಸೀನೋದು ಯಾವುದು ಅಂತ ಗೊತ್ತಾದ್ರೆ ನಿಮ್ಮಣ್ಣ ಸಂಜೆ ಮನೇಲಿ ಊಟ ಮಾಡ್ತಾನೆ."

ಸೂಜಿಗೆ ಒಂದು ಅನುಮಾನವಿತ್ತು. ಹೇಳಲಿಲ್ಲ. ಬರಿಯ ಅನುಮಾನದ ಮೇಲೆ ಇನ್ನೊಬ್ಬರ ಮನೆಗೆ ಪೊಲೀಸರನ್ನು ಕಳಿಸಬಾರದು. ಹಾಗೆ ಕಳಿಸಿದರೆ ಏನಾಗುತ್ತದೆಂದು ಈ ಎರಡು ದಿನದಲ್ಲಿ ಅವಳು ಚೆನ್ನಾಗಿ ಕಲಿತಿದ್ದಳು.

* * *

ಒಳಗೆ ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಈರುಳ್ಳಿ ಇದ್ದದ್ದು ಒಳ್ಳೆಯದಾಯಿತು, ಕಣ್ಣೀರಿಗೆ ಕಾರಣ ಹೇಳಬೇಕಾಗಲಿಲ್ಲ.

ಸೂಜಿ ನಡೆದದ್ದನ್ನೆಲ್ಲ ಹೇಳಿದಳು. ಅಮ್ಮ ಅರ್ಧ ಕೇಳಿದಳು, ಇನ್ನರ್ಧಕ್ಕೆ ಗುಬ್ಬಿಯನ್ನು ಬೈದಳು. ಅವಳ ಪಾಲಿಗೆ ಆ ಕಾರು ಮೊದಲಿನಿಂದಲೂ ಮಗನನ್ನು ಕಸಿದುಕೊಂಡ ಮಾಟಗಾತಿ. ದುಡಿದದ್ದೆಲ್ಲ ಕೊಳವೆಗೆ, ಭಾನುವಾರವೆಲ್ಲ ಬಾನೆಟ್ಟಿನ ಕೆಳಗೆ.

"ಮನೆಗೊಂದು ಸೊಸೆ ತಾರೋ ಅಂದ್ರೆ ಇದನ್ನ ತಂದ," ಎಂದಳು. "ಸೊಸೆಯಾಗಿದ್ರೆ ಸ್ಟೇಷನ್ನಿಗೆ ಬುತ್ತಿಯಾದ್ರೂ ತಗೊಂಡು ಹೋಗ್ತಿದ್ಲು."

"ಬುತ್ತಿ ತಗೊಂಡು ಹೋಗಿದ್ದು ಗುಬ್ಬೀನೇ ಅಮ್ಮ. ನಾನು ಅದರಲ್ಲೇ ಹೋಗಿದ್ದು."

ಅಮ್ಮ ಚಾಕು ನಿಲ್ಲಿಸಿ, ಊಟ ಮಾಡಿದನಾ ಎಂದು ಕೇಳಿದಳು. ಮಾಡಿದ ಎಂದಳು ಸೂಜಿ. ನಿಜಕ್ಕೂ ಅವನು ಡಬ್ಬಿ ಮುಚ್ಚಿಟ್ಟು, ಗುಬ್ಬಿಯ ಟೈರಿನ ಗಾಳಿ ನೋಡಿದ್ಯಾ, ರೇಡಿಯೇಟರಿನ ನೀರು ನೋಡಿದ್ಯಾ ಎಂದಷ್ಟೇ ಕೇಳಿದ್ದ. ಹೊರಡುವಾಗ ಮಾತ್ರ ಅವಳ ತಲೆಯ ಮೇಲೆ ಕೈಯಿಟ್ಟು, ಹೆದರಬೇಡ, ನಾನಿದೀನಲ್ಲ ಎಂದಿದ್ದ. ಸ್ಟೇಷನ್ನಿನಲ್ಲಿರುವವನು ಹೊರಗಿರುವವಳಿಗೆ ಅದನ್ನು ಹೇಳಿದ್ದು ಅವಳಿಗೆ ಆಗಲೇ ವಿಚಿತ್ರವೆನಿಸಿತ್ತು.

* * *

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಲವಂಗದೆಣ್ಣೆಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ಬೇರೆಯವರಿಗೆ ಗೊತ್ತಾಗದು. ಶೆಡ್ಡಿನಲ್ಲಿ ಬೆಳೆದವಳಿಗೆ ಗೊತ್ತಾಗುತ್ತದೆ: ಇಂಜಿನ್ ಆಯಿಲ್.

ಡಾಕ್ಟರದೂ ಗುಬ್ಬಿಯಂಥದೇ ಕಾರು, ಅದೇ ಕೆಂಪು. ನಿಲ್ಲಿಸಿದರೆ ಅವಳಿ ಮಕ್ಕಳು. ಅಣ್ಣನೂ ಅವರೂ ಭಾನುವಾರ ಅಕ್ಕಪಕ್ಕ ಬಾನೆಟ್ಟು ಎತ್ತಿಕೊಂಡು ನಿಂತರೆ ಊಟಕ್ಕೆ ಕರೆಯಲು ಎರಡೂ ಮನೆಯವರು ಬರಬೇಕು. ಗುಬ್ಬಿಯ ಸೀನು ಕೇಳಿದಾಗಲೆಲ್ಲ ಡಾಕ್ಟರ ಮುಖದಲ್ಲಿ, ಪಕ್ಕದ ಮನೆಯ ಅಡುಗೆಯ ಘಮ ಕುಡಿಯುವವರ ಆಸೆ ಕಾಣಿಸುತ್ತಿದ್ದದ್ದನ್ನು ಸೂಜಿ ಎಷ್ಟೋ ಸಲ ನೋಡಿದ್ದಳು.

ಅವಳನ್ನು ಕಂಡದ್ದೇ ಡಾಕ್ಟರ್, ಹಲ್ಲು ನೋವಾ ತಂಗಿ, ಬಾ ಬಾ ಎಂದು ಕುರ್ಚಿಯಲ್ಲಿ ಮಲಗಿಸಿಯೇ ಬಿಟ್ಟರು. ಅಲ್ಲ ಎನ್ನಲು ತೆರೆದ ಬಾಯಿಯೊಳಗೆ ಪುಟ್ಟ ಕನ್ನಡಿ ಬಂದು ಕೂತಿತು. ಅಲ್ಲಿಂದ ಮಾತೆಲ್ಲ ಅವರದೇ. ಸೀನನನ್ನು ಕರೆದುಕೊಂಡು ಹೋದ ಸುದ್ದಿ ಕೇಳಿದಾಗಿನಿಂದ ಊಟ ಸೇರುತ್ತಿಲ್ಲ, ತಾತನನ್ನು ನೋಡಲು ಆಸ್ಪತ್ರೆಗೆ ಹೋದರೆ ಒಳಗೆ ಬಿಡಲಿಲ್ಲ, ಬಲಗಡೆ ಕೊನೆಯ ದವಡೆಯ ಹಲ್ಲು ಸ್ವಲ್ಪ ಹುಳುಕಾಗಿದೆ.

ಸೂಜಿಗೆ ಬಾಯಿ ಕಟ್ಟಿತ್ತು, ಕಣ್ಣು ಕಟ್ಟಿರಲಿಲ್ಲ. ಡಾಕ್ಟರ ಮಣಿಕಟ್ಟಿನ ಮೇಲೆ ಬೆರಳಗಲದ ಸುಟ್ಟ ಗೆರೆ. ಬಿಸಿ ಕೊಳವೆ ತಾಗಿದರೆ ಬೀಳುವ ಗೆರೆ. ಅಣ್ಣನ ಎರಡೂ ಕೈಯಲ್ಲಿ ಅಂಥವಿವೆ. ತಲೆಯನ್ನು ಸ್ವಲ್ಪ ಹೊರಳಿಸಿದರೆ ಹಿಂಬದಿಯ ಕಿಟಕಿ. ಕಿಟಕಿಯಾಚೆ ಕೆಂಪು ಕಾರು. ಹೊದಿಕೆ ಹೊದಿಸಿದ್ದರೂ ಮುಂದಿನ ಮೂತಿ ಹೊರಗೆ ಕಾಣುತ್ತಿತ್ತು.

ಮೂತಿಗೆ ಬಂಪರ್ ಇರಲಿಲ್ಲ.

ಅವಳು ಕೈಯೆತ್ತಿ ಕನ್ನಡಿಯನ್ನು ಬಾಯಿಂದ ತೆಗೆಸಿದಳು. "ಡಾಕ್ಟ್ರೇ, ನಿಮ್ಮ ಕಾರು ಸೀನುತ್ತಾ?"

ಕನ್ನಡಿ ತಟ್ಟೆಯಲ್ಲಿ ಬಿದ್ದು ಠಣ್ಣೆಂದಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಡಾಕ್ಟರ್ ಮುಟ್ಟಿಕೊಂಡದ್ದು ಮಣಿಕಟ್ಟನ್ನು. ಬಾಗಿಲಿಗೆ ಹೋಗಿ ಆಚೆ ಈಚೆ ಇಣುಕಿ, ಚಿಲಕ ಹಾಕಿಕೊಂಡು ಬಂದರು. ದನಿ ಪಿಸುಮಾತಿಗಿಳಿಯಿತು.

"ನನ್ನ ಹೆಂಡತಿಗೆ ಗೊತ್ತಾಯ್ತಾ?"

ಈ ಪ್ರಶ್ನೆಗೆ ಸೂಜಿ ಸಿದ್ಧವಾಗಿರಲಿಲ್ಲ.

ಸಂಗತಿ ಇಷ್ಟು. ಇನ್ನೊಂದೇ ಒಂದು ಪೈಪು ಈ ಮನೆಗೆ ಬಂದರೂ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ ಎಂದು ಡಾಕ್ಟರ ಹೆಂಡತಿ ಆಣೆ ಹಾಕಿದ್ದರು. ಅಣ್ಣ ಆ ಸೀನು ವಾಲ್ವನ್ನು ಬಿಚ್ಚಿಟ್ಟದ್ದು ಗೊತ್ತಾದ ದಿನವೇ ಡಾಕ್ಟರ್ ಓಡಿಬಂದು ಕೈಹಿಡಿದು ಕೇಳಿದ್ದರು. ಅಣ್ಣ ಕೊಟ್ಟ. ಯಾರಿಗೂ ಬಾಯಿಬಿಡಲ್ಲ ಎಂದು ಮಾತೂ ಕೊಟ್ಟ. ಪೊಲೀಸರ ಬೆಂಚಿನ ಮೇಲೆ ಕುಳಿತೂ ಆ ಮಾತನ್ನು ಉಳಿಸಿಕೊಂಡಿದ್ದಾನೆ ಎಂದು ಕೇಳಿ ಡಾಕ್ಟರ ಕಣ್ಣು ತುಂಬಿತು. ಅವನು ಮನುಷ್ಯನಲ್ಲ ತಂಗಿ, ಬಂಗಾರ ಎಂದರು.

ಸೂಜಿಗೆ ಬಂಗಾರ ಬೇಕಿರಲಿಲ್ಲ. ಗುರುವಾರ ಬೆಳಿಗ್ಗೆ ಎಲ್ಲಿದ್ದಿರಿ ಎಂದು ಕೇಳಿದಳು.

ಡಾಕ್ಟರ್ ಉತ್ತರ ಹೇಳದೆ ಹಿಂಬಾಗಿಲು ತೆಗೆದು ಅವಳನ್ನು ಕಾರಿನ ಬಳಿಗೆ ಕರೆದೊಯ್ದರು. ಹೊದಿಕೆ ಸರಿಸಿ ಬಾನೆಟ್ಟು ಎತ್ತಿದರು. ಅಣ್ಣನ ವಾಲ್ವ್ ಅಲ್ಲಿ ಕುಳಿತಿತ್ತು, ಉಜ್ಜಿ ಉಜ್ಜಿ ಹೊಳೆಯುತ್ತ. ಅದನ್ನು ಜೋಡಿಸಿದ ರೀತಿ ನೋಡಿದರೆ ಯಾರಿಗಾದರೂ ನಗು ಬರಬೇಕು: ಕೊಳವೆಯ ಕ್ಲಿಪ್ಪಿನ ತಿರುಪುಗಳೆಲ್ಲ ಒಂದೇ ದಿಕ್ಕಿಗೆ, ಹಲ್ಲಿನ ಸಾಲಿನಂತೆ ನೇರ. ಕೈ ಹೊಲಸಾದರೂ ಕೆಲಸ ಹೊಲಸಾಗಬಾರದು ಎನ್ನುವವರು. ಸೂಜಿಗೆ ನಗು ಬರಲಿಲ್ಲ.

"ಗುರುವಾರ ನಾನು ತಾತನ ವರ್ಕ್‌ಶಾಪಿನ ಮುಂದೆ ಹೋದೆ," ಎಂದರು ಡಾಕ್ಟರ್. "ಅವರು ಶಟರ್ ಎತ್ತುತ್ತಿದ್ರು. ಸೀನಿಸಿ ತೋರಿಸಿದೆ. ತಾತ ತಿರುಗಿ ನೋಡಿ, ಹೊಟ್ಟೆ ಹಿಡ್ಕೊಂಡು ನಕ್ಕರು. ಅಷ್ಟೇ."

"ಆಮೇಲೆ?"

"ಆಮೇಲೆ ಕ್ಲಿನಿಕ್ಕಿಗೆ ಬಂದೆ."

"ಬಂಪರ್ ಎಲ್ಲಿ?"

ದೊಡ್ಡ ಇಂಟರ್‌ಕೂಲರ್ ಕೂಡಿಸಲು ಬಿಚ್ಚಿದ್ದು ಎಂದರು. ಟರ್ಬೊ ಕಾಯಿಸಿದ ಗಾಳಿಯನ್ನು ತಣ್ಣಗೆ ಮಾಡುವ ಆ ಪೆಟ್ಟಿಗೆಯನ್ನು ಇಡಲು ಬಂಪರ್ ತೆಗೆಯಲೇಬೇಕು, ಅದು ಸುಳ್ಳಲ್ಲ. ಆದರೆ ತಾತ ಆಸ್ಪತ್ರೆಯಲ್ಲಿ, ಅಣ್ಣ ಸ್ಟೇಷನ್ನಿನಲ್ಲಿ ಇರುವಾಗ ಬಂಪರ್ ಬಿಚ್ಚುವ ಉಮೇದು ಯಾರಿಗೆ ಬರುತ್ತದೆ?

"ಚಿಂತೆ ಹತ್ತಿದ್ರೆ ನನಗೆ ಏನಾದ್ರೂ ಬಿಚ್ಚಲೇಬೇಕು," ಎಂದರು ಡಾಕ್ಟರ್. "ನಿಮ್ಮಣ್ಣನಿಗೂ ಹಾಗೇ ಅಲ್ವಾ?"

ಹಾಗೇ. ಅಪ್ಪ ತೀರಿಕೊಂಡ ವಾರದಲ್ಲಿ ಅಣ್ಣ ಗುಬ್ಬಿಯ ಗೇರ್‌ಬಾಕ್ಸನ್ನೇ ಇಳಿಸಿದ್ದ. ಆ ನೆನಪಿಗೆ ಸೂಜಿಯ ಮನಸ್ಸು ಒಂದು ಗಳಿಗೆ ಮೆತ್ತಗಾಯಿತು. ಆದರೂ ಬಿಡಲಿಲ್ಲ. ಅವಳ ಬದುಕಿನಲ್ಲಿ ಒಬ್ಬ ಹಿರಿಯರ ಕಣ್ಣಿಗೆ ಕಣ್ಣು ಕೊಟ್ಟು ಅಷ್ಟು ಮಾತು ಆಡಿದ್ದು ಅದೇ ಮೊದಲು.

"ನಮ್ಮ ಕಾರು ಸೀನಲ್ಲ ಡಾಕ್ಟ್ರೇ, ನಿಮ್ಮದು ಸೀನುತ್ತೆ. ತಾತ ಹೇಳಿದ್ದು ಅದೊಂದೇ ಮಾತು. ನೀವಾಗಿ ಬಂದು ಹೇಳಿದ್ರೆ ಅಣ್ಣ ಈಗಲೇ ಮನೆಗೆ ಬರ್ತಾನೆ. ನಿಮಗೆ ಕೊಟ್ಟ ಮಾತು ಉಳಿಸೋಕೆ ಅವನು ಬಾಯಿ ಮುಚ್ಕೊಂಡಿದಾನೆ. ನೀವು ಯಾರನ್ನ ಉಳಿಸೋಕೆ ಮುಚ್ಕೊಂಡಿದೀರ?"

ಡಾಕ್ಟರ್ ಬಾನೆಟ್ಟನ್ನು ಮೆಲ್ಲಗೆ ಇಳಿಸಿದರು, ಮಲಗಿದ ಮಗುವಿನ ಮೇಲೆ ಹೊದಿಕೆ ಎಳೆಯುವ ಹಾಗೆ. "ನಡಿ," ಎಂದರು. "ವಾಲ್ವ್ ನನ್ನ ಹತ್ರ ಇದೆ ಅಂತ ಹೇಳ್ತೀನಿ. ಹೆಂಡತಿ ತವರಿಗೆ ಹೋದ್ರೆ ಹೋಗ್ಲಿ. ಆದ್ರೆ ತಾತನ್ನ ಗುದ್ದಿದ್ದು ನಾನಲ್ಲ ತಂಗಿ. ಅವರು ನನಗೆ ಇಂಜಿನ್ ಬಿಚ್ಚೋದು ಕಲಿಸಿದವರು."

"ಗುದ್ದಿದ್ದು ನೀವಲ್ಲ ಅಂತ ನನಗೂ ಗೊತ್ತು," ಎಂಬ ದನಿ ಗೇಟಿನ ಕಡೆಯಿಂದ ಬಂತು.

ಇನ್ಸ್‌ಪೆಕ್ಟರ್ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ. ಟೋಪಿ ಕೈಯಲ್ಲಿತ್ತು. ನಿನಗೊಬ್ಬಳಿಗೇ ಅನುಮಾನ ಬರಬೇಕೆಂದೇನಿಲ್ಲಮ್ಮ ಎಂದು ಸೂಜಿಗೆ ಹೇಳಿ, ತಾವು ವಿಚಾರಿಸಿ ಬಂದದ್ದನ್ನು ಚುಟುಕಾಗಿ ತಿಳಿಸಿದರು. ತಾತನಿಗೆ ಗುದ್ದು ಬಿದ್ದ ಹೊತ್ತಿಗೆ ಡಾಕ್ಟರ್ ಇದೇ ಕ್ಲಿನಿಕ್ಕಿನಲ್ಲಿ ಒಬ್ಬರ ದವಡೆ ಹಲ್ಲು ಕೀಳುತ್ತಿದ್ದರು. ಹಲ್ಲು ಕೀಳಿಸಿಕೊಂಡವನನ್ನೇ ಕಂಡು ಬಂದೆ, ಆ ಗಳಿಗೆಯನ್ನು ಅವನು ಈ ಜನ್ಮದಲ್ಲಿ ಮರೆಯುವ ಹಾಗಿಲ್ಲ ಎಂದರು.

ಆಮೇಲೆ ಅವರ ಮುಖ ಬೆಳಗಿತು. "ಇನ್ನೊಂದು ವಿಷಯ. ತಾತ ಕಣ್ಣು ಬಿಟ್ಟಿದಾರೆ."

ಡಾಕ್ಟರ್ ಕಾರಿಗೊರಗಿ ಅತ್ತೇಬಿಟ್ಟರು. ಸೂಜಿಗೂ ಕಣ್ಣು ಮಂಜಾಯಿತು. ತಾತನ ಎಣ್ಣೆಗಪ್ಪು ಬೆರಳು, ನಡುಗುವ ಕೈಯಲ್ಲೂ ತಪ್ಪದ ಸ್ಪ್ಯಾನರು, ತಾನು ಮೊದಲು ಹೊಲಿದ ಸೀಟಿನ ಮೇಲೆ ಕುಳಿತು, ಇದರಲ್ಲಿ ನಿದ್ದೆ ಬರ್ತದೆ ಮಗಳೇ, ರೇಸಿಗೆ ಆಗಲ್ಲ ಎಂದ ಅವರ ನಗು, ಎಲ್ಲವೂ ಒಟ್ಟಿಗೆ ನುಗ್ಗಿಬಂತು. ಇನ್ನೇನು, ತಾತನೇ ಹೇಳುತ್ತಾರೆ. ಅಣ್ಣ ಬರುತ್ತಾನೆ.

ಇನ್ಸ್‌ಪೆಕ್ಟರ ಮುಖ ಮಾತ್ರ ಬೆಳಗಿದಷ್ಟೇ ಬೇಗ ಕಂದಿತು.

"ಬಡಗಿ ಕೇಳಿದ್ದು ಅರ್ಧ ಮಾತು," ಎಂದರು. "ಇನ್ನರ್ಧ ಗರಗಸ ನುಂಗಿತ್ತು. ನಾನೂ ನೀನೂ ಆ ಅರ್ಧ ಹಿಡ್ಕೊಂಡು ಇಷ್ಟು ದೂರ ಬಂದ್ವಿ. ಪೂರ್ತಿ ಮಾತನ್ನ ತಾತ ಈಗ ಹೇಳಿದ್ರು. ಮೊದಲು ಡಾಕ್ಟರ ಕಾರು ಸೀನ್ಕೊಂಡು ಹೋಯ್ತು. ಸ್ವಲ್ಪ ಹೊತ್ತಿಗೆ ಮತ್ತೆ ಕೆಂಪು ಕಾರು ಬಂತು. ಡಾಕ್ಟರೇ ಇನ್ನೊಂದ್ಸಲ ಸೀನಿಸೋಕೆ ಬಂದ್ರು ಅಂತ ತಾತ ನಗ್ತಾ ರಸ್ತೆಗಿಳಿದ್ರು. ತಿರುವಿನಲ್ಲಿ ಓಡಿಸೋರು ಕಾಲೆತ್ತಿದ್ರು, ಟರ್ಬೊ ಶಿಳ್ಳೆ ನಿಂತಿತು. ಆದ್ರೆ…"

ಅವರು ತಾತನ ಮಾತನ್ನು ತಾತನ ದನಿಯಲ್ಲೇ ಹೇಳಿದರು.

"ಸೀನಲಿಲ್ಲ."

ಸೂಜಿಗೆ ಮೊದಲು ಅರ್ಥವಾಗಲಿಲ್ಲ. ಆ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡಳು. ಸೀನು ಎಂದಲ್ಲ, ಸೀನಿತು ಎಂದಲ್ಲ. ಸೀನಲಿಲ್ಲ. ಶಿಳ್ಳೆ ಹಾಕುವ, ಕಾಲೆತ್ತಿದರೂ ಸೀನದ ಕೆಂಪು ಕಾರು. ಅಂಥದು ಈ ಊರಿನಲ್ಲಿ ಒಂದೇ ಒಂದು ಇದೆಯೆಂದು ಇನ್ಸ್‌ಪೆಕ್ಟರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಏರು ಹತ್ತಿಸಿ, ಎರಡೆರಡು ಸಲ ರುಜುವಾತು ಮಾಡಿ ತೋರಿಸಿದವಳು ತಾನೇ.

ಅಣ್ಣನನ್ನು ಮೇಲೆತ್ತಲು ಇಳಿಬಿಟ್ಟ ಹಗ್ಗ ಅವನ ಕೊರಳಿಗೇ ಬಿದ್ದಿತ್ತು.

"ಈ ಮಾತು ಹೇಳಿದ ಕೂಡಲೇ ನಿಮ್ಮಣ್ಣ ಗೋಡೆ ನೋಡೋದು ಬಿಟ್ಟ," ಎಂದರು ಇನ್ಸ್‌ಪೆಕ್ಟರ್. "ಗುಬ್ಬಿಗೆ ಎರಡೇ ಕೀಲಿ, ಒಂದು ನನ್ನ ಹತ್ರ, ಒಂದು ತಂಗಿ ಹತ್ರ, ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಓಡಿಸಿದ್ದು ನಾನೇ ಅಂತ ಒಪ್ಕೊಂಡ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆ ಹೊತ್ತಿನಲ್ಲಿ ಅಣ್ಣ ಏನು ಲೆಕ್ಕ ಹಾಕಿದನೆಂದು ಸೂಜಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಕೀಲಿ ಎರಡು. ಒಂದು ತನ್ನದು, ತಾನು ಓಡಿಸಿಲ್ಲ. ಇನ್ನು ಉಳಿದದ್ದು ತಂಗಿ. ಹೆದರಬೇಡ, ನಾನಿದೀನಲ್ಲ ಎಂದದ್ದು ಅದಕ್ಕೇ. ನಿನ್ನೆಯಿಂದಲೂ ಅವನ ಮನಸ್ಸಿನಲ್ಲಿದ್ದದ್ದು ಅದೇ.

ಗುರುವಾರ ಬೆಳಿಗ್ಗೆ ಅವಳು ಗುಬ್ಬಿಯ ಬಾಗಿಲನ್ನೂ ಮುಟ್ಟಿರಲಿಲ್ಲ. ರೆಕ್ಸಿನ್ ಕೊಳ್ಳಲು ಬಸ್ಸಿನಲ್ಲಿ ಪೇಟೆಗೆ ಹೋಗಿದ್ದಳು.

"ಅವನು ಸುಳ್ಳು ಹೇಳ್ತಿದಾನೆ ಸಾರ್," ಎಂದಳು. "ಗುರುವಾರ ಗುಬ್ಬಿ ಓಡಿಸಿದ್ದು ನಾನು."

ಡಾಕ್ಟರ್ ಅಳು ನಿಲ್ಲಿಸಿ ಅವಳನ್ನು ನೋಡಿದರು. ಇನ್ಸ್‌ಪೆಕ್ಟರ್ ಟೋಪಿಯನ್ನು ಕಾರಿನ ಮೇಲಿಟ್ಟರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಹಟ ಹಿಡಿದ ಮಕ್ಕಳಿಬ್ಬರ ತಂದೆಯ ಸುಸ್ತಿತ್ತು.

"ಸರಿ. ಗುದ್ದಿದ ಮೇಲೆ ಕಾರನ್ನ ಯಾವ ಕಡೆ ತಿರುಗಿಸಿದೆ?"

ಯೋಚಿಸಲು ಹೊತ್ತಿಲ್ಲ. ಭಯವಾದರೆ ಯಾರಾದರೂ ಮನೆಗೇ ಓಡುತ್ತಾರೆ. "ಎಡಕ್ಕೆ."

"ನಿಮ್ಮಣ್ಣನೂ ಎಡಕ್ಕೆ ಅಂದ. ಮನೆ ಇರೋದು ಎಡಕ್ಕಲ್ವಾ, ಪಾಪ. ಎದುರು ಮಹಡಿಯವರು ಕಾರು ಹೋಗಿದ್ದನ್ನ ನೋಡಿದಾರೆ. ಬಲಕ್ಕೆ ಹೋಯ್ತು." ಅವರು ನಿಟ್ಟುಸಿರಿಟ್ಟರು. "ಅವನು ನಿನಗೋಸ್ಕರ, ನೀನು ಅವನಿಗೋಸ್ಕರ. ನನ್ನ ಸರ್ವೀಸಿನಲ್ಲಿ ಇಂಥ ಅಣ್ಣ ತಂಗೀನ ನೋಡಿಲ್ಲ. ಆದ್ರೆ ಗುಬ್ಬಿ ತಾನಾಗೇ ಹಾರಿಹೋಗಲ್ಲ. ನಿಮ್ಮಣ್ಣನ ಕೀಲಿ ಅವನ ಜೇಬಲ್ಲಿತ್ತು, ಅದು ನಮಗೆ ಸಿಕ್ಕಿದೆ. ನಿನ್ನದು ಎಲ್ಲಿರುತ್ತೆ?"

"ಅಡುಗೆಮನೆ ಬಾಗಿಲ ಮೊಳೆಗೆ ತೂಗುಹಾಕಿ ಹೋಗ್ತೀನಿ," ಎಂದಳು ಸೂಜಿ.

ಹೇಳಿ ಮುಗಿದ ಮೇಲೆ ತಾನು ಹೇಳಿದ್ದು ಅವಳ ಕಿವಿಗೆ ಬಿತ್ತು. ಗುರುವಾರ ಬಸ್ಸಿಗೆ ಹೊರಟಾಗಲೂ ಕೀಲಿ ಅಲ್ಲೇ ತೂಗುತ್ತಿತ್ತು, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಸದ್ದಿತ್ತು.

"ಅಮ್ಮನಿಗೆ ಕಾರು ಓಡಿಸೋಕೆ ಬರಲ್ಲ ಸಾರ್."

ಇನ್ಸ್‌ಪೆಕ್ಟರ್ ಟೋಪಿಯನ್ನು ಮೆಲ್ಲಗೆ ಎತ್ತಿಕೊಂಡರು.

"ನಾನು ಅಮ್ಮನ ಹೆಸರು ಎತ್ತಲೇ ಇಲ್ಲವಲ್ಲ, ಸೂಜಿ."